ಬೂಬಮ್ಮ ಎಣಿಸಿದ ಮೀನು

೧೯೯೩ರಲ್ಲಿ, ಏಳನೇ ಕ್ಲಾಸಿನ ಪರೀಕ್ಷೆಗೆ ಎರಡು ತಿಂಗಳಿರುವಾಗ, ನಾನು ಓದು ನಿಲ್ಲಿಸಿದೆ. ಅಪ್ಪನ ತೆಪ್ಪಕ್ಕೆ ಇನ್ನೊಂದು ಜೊತೆ ಕೈ ಬೇಕಿತ್ತು. ಯಾರೂ ಬಲವಂತ ಮಾಡಲಿಲ್ಲ, ನಾನೂ ಅಳಲಿಲ್ಲ. ತೆಪ್ಪ ಹತ್ತಿದ ಮೊದಲ ವಾರದಲ್ಲೇ, ಕೆರೆಯ ಮೂಲೆಯ ದಿಬ್ಬದಲ್ಲಿರುವ ಜಾಲಿಮರಗಳ ಕೆಳಗೆ ಒಂದು ಕೊಡೆ ಓಡಾಡುವುದನ್ನು ಕಂಡೆ. ಮಳೆ ಇರಲಿಲ್ಲ. ಬಿಸಿಲೂ ಅಂಥದ್ದೇನಲ್ಲ. ಒಂದು ಕಾಲಕ್ಕೆ ಕಪ್ಪಾಗಿದ್ದ ಕೊಡೆ ಅದು; ಈಗ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿ, ಕಡ್ಡಿಗಳ ಗೆರೆಯುದ್ದಕ್ಕೂ ಮಾತ್ರ ಚೂರು ಕಪ್ಪು ಉಳಿಸಿಕೊಂಡಿತ್ತು. ಮೇಲೆ ಕೊಂಬೆ ಕೊಂಬೆಗೂ ನೀರುಕಾಗೆ, ಬೆಳ್ಳಕ್ಕಿ, ಹಾವಿನಂಥ ಕತ್ತಿನ ಹಾವಕ್ಕಿ. ಅವು ಹಾಕುವ ಹಿಕ್ಕೆ ಕೊಡೆಯ ಮೇಲೆ ಟಪ್ ಟಪ್ ಎಂದು ಬೀಳುತ್ತಿತ್ತು. ಕೊಡೆಯ ಕೆಳಗೆ ಬಗ್ಗಿದ್ದ ಹೆಂಗಸು ಅದೇ ಹಿಕ್ಕೆಯನ್ನು ಮಣ್ಣಿನ ಸಮೇತ ಮಂಕರಿಗೆ ತುಂಬುತ್ತಿದ್ದರು. ನಡುನಡುವೆ ತಲೆಯೆತ್ತಿ ತಮ್ಮ ಮನೆಮಾತಿನಲ್ಲಿ ಹಕ್ಕಿಗಳನ್ನು ಗದರುತ್ತಿದ್ದರು: "ಅರೆ, ಆಹಿಸ್ತಾ, ಆಹಿಸ್ತಾ." ನಿಧಾನ, ನಿಧಾನ ಅಂತ.

ಅವರೇ ನಮ್ಮೂರಿನ ಸೊಪ್ಪಿನ ಬೂಬಮ್ಮ. ಎದುರಿಗೆ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದವನು. ಬರೆಯಲು ಕೂತರೆ ಮಾತ್ರ ಬಹುವಚನ ಬರುತ್ತಿದೆ, ಇರಲಿ.

ನಮ್ಮೂರು ಶಿವನಿ ಎಂಬ ಊರಿಗೂ ಅಜ್ಜಂಪುರಕ್ಕೂ ನಡುವೆ. ಬೂಬಮ್ಮ ಹುಟ್ಟಿದ್ದು ಅಜ್ಜಂಪುರದಲ್ಲಿ. ಗಂಡ ನಮ್ಮೂರಿನ ಏರಿಯ ಕೆಳಗೆ ಅರ್ಧ ಎಕರೆ ಮಾಡಿಕೊಂಡಿದ್ದವರು, ಬೇಗ ತೀರಿಕೊಂಡರು. ಆ ಅರ್ಧ ಎಕರೆಯಲ್ಲಿ ಬೂಬಮ್ಮ ದಂಟು, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಬೆಳೆದು ಮಗಳನ್ನು ಸಾಕಿ ಮದುವೆ ಮಾಡಿದರು. ಅವರ ದಂಟಿನ ಎಲೆ ಒಂದೊಂದೂ ಮುತ್ತುಗದ ಎಲೆಯಷ್ಟು ಅಗಲ. ಅಜ್ಜಂಪುರದ ಸಂತೆಯಲ್ಲಿ ಬೇರೆಯವರ ಸೊಪ್ಪು ಮಧ್ಯಾಹ್ನದವರೆಗೂ ಇರುತ್ತಿತ್ತು, ಬೂಬಮ್ಮನ ಗೋಣಿ ಹತ್ತು ಗಂಟೆಗೇ ಖಾಲಿ. ಅಂಗಡಿ ಗೊಬ್ಬರ ಅವರು ಮುಟ್ಟಿದವರಲ್ಲ. ಹಕ್ಕಿ ಗೂಡು ಕಟ್ಟುವ ಮುಂಚೆ ಜಾಲಿಮರಗಳ ಕೆಳಗೆ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಹರಡುವುದು, ಮರಿ ಹಾರಿ ಹೋದ ಮೇಲೆ ಹಿಕ್ಕೆ ನೆನೆದ ಆ ಗೋಡನ್ನು ಬಾಚಿ ಮಡಿಗೆ ಹಾಕುವುದು. ಮರಿಗಳು ಬಾಯಿತಪ್ಪಿ ಬೀಳಿಸಿದ ಮೀನನ್ನೂ ಬಿಡುತ್ತಿರಲಿಲ್ಲ. ಮೆಣಸಿನ ಬುಡದಲ್ಲಿ ಹೂಳುತ್ತಿದ್ದರು. "ಮೇಲಿನೋರು ಹಾಕ್ತಾರೆ, ಕೆಳಗಿನೋಳು ಎತ್ಕತೀನಿ" ಎನ್ನುವುದು ಅವರ ಮಾತು. ಬಸ್ಸು ಹತ್ತಿದರೆ ಕಂಡಕ್ಟರು ಮೂಗು ಮುಚ್ಚಿಕೊಂಡು ಕೊನೆಯ ಸೀಟು ತೋರಿಸುತ್ತಿದ್ದ. ಅವರು ಬೇಸರ ಮಾಡಿಕೊಳ್ಳದೆ ಅವನ ಚೀಲಕ್ಕೆ ಒಂದು ಕಟ್ಟು ಕೊತ್ತಂಬರಿ ತುರುಕಿ, ಹಿಂದೆ ಹೋಗಿ ಕಿಟಕಿ ಪಕ್ಕ ಆರಾಮಾಗಿ ಕೂರುತ್ತಿದ್ದರು.

ಅವರಿಗೆ ನಾನು ಮಾಡಿದ್ದನ್ನು ಹೇಳಬೇಕಾದರೆ ಜಿಲೇಬಿ ಮೀನಿನ ವಿಷಯ ಹೇಳಬೇಕು. ಅಪ್ಪನ ಕಾಲದಲ್ಲಿ ನಮ್ಮ ಕೆರೆಯಲ್ಲಿ ಗೆಂಡೆ, ಕೊರವ, ಹಾವುಮೀನು ಇದ್ದವು. ಜಿಲೇಬಿ ಹೊರದೇಶದ ಮೀನು. ಯಾರು ತಂದು ಬಿಟ್ಟರೋ, ಮೇಲಿನ ಕೆರೆ ಕೋಡಿ ಬಿದ್ದಾಗ ಬಂತೋ, ಯಾರಿಗೂ ಗೊತ್ತಿಲ್ಲ. ತಾಯಿ ತನ್ನ ಮೊಟ್ಟೆ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಹಾಗಾಗಿ ಒಂದೂ ಸಾಯುವುದಿಲ್ಲ ಅನ್ನುವ ಹಾಗೆ ಉಳಿಯುತ್ತವೆ. ವರ್ಷಕ್ಕೆ ಎಷ್ಟು ಸಲ ಮರಿ ಮಾಡುತ್ತದೋ ದೇವರೇ ಬಲ್ಲ. ಕೆರೆ ತುಂಬಾ ತುಂಬಿಕೊಂಡು, ಒಂದರ ಮೇವು ಇನ್ನೊಂದಕ್ಕೆ ಸಿಗದೆ, ಎಲ್ಲಾ ಅಂಗೈಯಷ್ಟಕ್ಕೇ ನಿಂತುಬಿಡುತ್ತವೆ. ನಾವು ಬಿಟ್ಟ ಕಾಟ್ಲಾ, ರೋಹು ಕೂಡ ಬಡಕಲಾಗುತ್ತವೆ.

ನನಗೆ ಮೂವತ್ತು ದಾಟಿದ ಮೇಲೆ ಒಂದು ಒಳ್ಳೆಯ ಕಾಲ ಬಂತು. ಮೀನುಗಾರರ ಸಂಘದವರು ಕೆರೆಯಲ್ಲಿ ಮೀನು ಹಿಡಿಯುವ ಹಕ್ಕನ್ನು ಐದು ವರ್ಷಕ್ಕೆ ನನ್ನ ಹೆಸರಿಗೆ ಕೊಟ್ಟರು. ಅಲ್ಲಿಯವರೆಗೆ ಬೇರೆಯವರ ಬಲೆ ಎಳೆದವನು ನಾನು. ನಮ್ಮ ಮನೆತನದಲ್ಲಿ ಕೆರೆಯೊಂದು ಸ್ವಂತಕ್ಕೆ ಸಿಕ್ಕಿದ್ದು ಅದೇ ಮೊದಲು. ಆದರೆ ಎರಡು ವರ್ಷದಲ್ಲಿ ಮೀನು ಸರಿಯಾಗಿ ಬರದಿದ್ದರೆ ಹಕ್ಕು ವಾಪಸ್, ಕಡೂರಿನ ಕಂಟ್ರಾಕ್ಟರೊಬ್ಬ ಕಾಯುತ್ತಾ ಕೂತಿದ್ದ. ಅಧ್ಯಕ್ಷರು ಅದನ್ನು ಎಲ್ಲರೆದುರು ಹೇಳಿದ್ದರು. "ಏಳನೇ ಕ್ಲಾಸಿನವನ ಕೈಗೆ ಕೆರೆ ಕೊಟ್ಟಿದೀವಿ, ನೋಡಾನ" ಎಂದೂ ಸೇರಿಸಿದ್ದರು. ಆ ಮಾತು ನನಗೆ ಮುಳ್ಳಾಗಿತ್ತು.

ಭದ್ರಾ ಕಡೆಯಿಂದ ಮೀನುಮರಿ ತರಿಸಿದೆ. ಕಿರುಬೆರಳಷ್ಟು ಉದ್ದದವು. ಪ್ಲಾಸ್ಟಿಕ್ ಚೀಲ ಬಿಚ್ಚಿ ನೀರಿಗೆ ಬಿಟ್ಟು ಏರಿ ಹತ್ತುವಷ್ಟರಲ್ಲಿ ನೀರುಕಾಗೆಗಳು ಸಾಲಾಗಿ ಬಂದು ಮುಳುಗತೊಡಗಿದವು. ಮೇಲಿನಿಂದ ರೀವ ಹಕ್ಕಿಗಳು ಕಲ್ಲೆಸೆದ ಹಾಗೆ ಬೀಳುತ್ತಿದ್ದವು. ಈ ರೀವ ನಮ್ಮಲ್ಲಿ ಗೂಡು ಕಟ್ಟುವುದಿಲ್ಲ; ತರೀಕೆರೆ ಆಚೆ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಮರಿ ಮಾಡಿ ಇತ್ತ ಮೇಯಲು ಬರುತ್ತದೆ. ಕೆಮ್ಮಣ್ಣುಗುಂಡಿಗೆ ಹಕ್ಕಿ ನೋಡಲು ಹೊರಟಿದ್ದ ಮೇಷ್ಟ್ರೊಬ್ಬರು ಒಮ್ಮೆ ಏರಿಯ ಮೇಲೆ ಬೈಕು ನಿಲ್ಲಿಸಿ, ಅವು ಕಡಲಹಕ್ಕಿಗಳ ಸಂಬಂಧಿಕರು, ಸಮುದ್ರ ಬಿಟ್ಟು ನಮ್ಮ ನೀರಿಗೆ ಒಗ್ಗಿಕೊಂಡಿವೆ ಎಂದು ಹೇಳಿದ್ದರು. ಆ ದಿನ ನನಗೆ ಕಂಡಿದ್ದು ಸಂಬಂಧಿಕರಲ್ಲ, ಕಳ್ಳರು. ನನ್ನ ಕಣ್ಣೆದುರೇ ನನ್ನ ಮರಿಗಳನ್ನು ತಿನ್ನುತ್ತಿದ್ದವು.

ಆ ವರ್ಷ ಪೂರ್ತಿ ಹಕ್ಕಿ ಓಡಿಸಿದೆ. ಹಳೇ ಕ್ಯಾಸೆಟ್ಟಿನ ಟೇಪು ಬಿಚ್ಚಿ ನೀರಿನ ಮೇಲೆ ಅಡ್ಡಡ್ಡ ಕಟ್ಟಿದೆ. ಬೆಳಗ್ಗೆ ಸಂಜೆ ಜಾಲಿಮರಗಳ ಕೆಳಗೆ ಪಟಾಕಿ ಹೊಡೆದೆ. ಹಕ್ಕಿಗಳು ಹದಿನೈದು ದಿನ ಸುತ್ತಾಡಿ, ಕಟ್ಟಿದ್ದ ಕಡ್ಡಿಗಳನ್ನೂ ಬಿಟ್ಟು ಎತ್ತಲೋ ಹೋದವು. ಬೂಬಮ್ಮನಿಗೆ ಆ ವರ್ಷ ಗೊಬ್ಬರವಿಲ್ಲ. ಜಗಳಕ್ಕೆ ಬರುತ್ತಾರೆ ಅಂದುಕೊಂಡೆ. ಬರಲಿಲ್ಲ. ಬೇಸಿಗೆಯಲ್ಲಿ ನಾನು ದೊಡ್ಡ ಬಲೆ ಎಳೆಯುವ ದಿನ ಮಾತ್ರ ಏರಿಯ ಮೇಲೆ ಬಂದು ಕುಕ್ಕರುಗಾಲಲ್ಲಿ ಕೂತರು.

ಬಲೆ ಭಾರವಾಗಿ ಬಂತು. ನನ್ನ ಎದೆ ಉಬ್ಬಿತು. ದಡಕ್ಕೆ ಎಳೆದು ನೋಡಿದರೆ ಜಿಲೇಬಿ. ಬರೀ ಜಿಲೇಬಿ. ತಲೆ ದೊಡ್ಡದು, ಮೈ ಚಿಕ್ಕದು, ಒಂದೊಂದೂ ಅಂಗೈಯಷ್ಟು. ನಡುವೆ ಅಲ್ಲೊಂದು ಇಲ್ಲೊಂದು ಕಾಟ್ಲಾ, ಚಾಕುವಿನಂತೆ ತೆಳ್ಳಗೆ. ಕಡೂರಿನಿಂದ ಐಸ್ ಡಬ್ಬಿ ತಂದಿದ್ದ ವ್ಯಾಪಾರಿ ಒಂದು ಜಿಲೇಬಿಯನ್ನು ಬಾಲ ಹಿಡಿದು ಎತ್ತಿ, ಇದನ್ನು ಬಾಂಡಲಿಗೆ ಹಾಕಿದರೆ ಎಣ್ಣೆಗೇ ನಾಚಿಕೆಯಾಗುತ್ತದೆ ಎಂದು ನಗಾಡಿ, ಬಂದ ದಾರಿಯಲ್ಲೇ ಹೋದ. ಬೂಬಮ್ಮ ಎದ್ದು ಸೆರಗು ಕೊಡವಿಕೊಂಡರು.

"ಹಕ್ಕಿ ಓಡಿಸ್ದ್ಯಲ್ಲ ಬೇಟಾ, ಮೀನು ನಿಂಗೇ ಸಿಕ್ತಾ?"

ಅವರು ಅಣಕಿಸಲಿಲ್ಲ. ಕೇಳಿದ್ದು ನಿಜವಾಗಿ ಕೇಳಿದ್ದು. ಆದರೆ ಹತ್ತು ಜನರ ಮುಂದೆ ಕೇಳಿದ್ದು. ನನಗೆ ಉರಿದುಹೋಯಿತು. ಸರಿಯಾಗಿ ಓಡಿಸಲಿಲ್ಲ ಅದಕ್ಕೇ ಹೀಗಾಯ್ತು, ಮುಂದಿನ ವರ್ಷ ಗೂಡು ಕಟ್ಟೋಕೆ ಮರಾನೇ ಇರಲ್ಲ ಎಂದು ಹೇಳಿ ಬಲೆ ಸುತ್ತಿಕೊಂಡು ಬಂದುಬಿಟ್ಟೆ.

ಹೇಳಿದ್ದನ್ನು ಮಾಡಿಯೂ ಮಾಡಿದೆ. ಜಾಲಿಮರ ಕಡಿಸಬೇಕು ಎಂದು ಪಂಚಾಯ್ತಿಗೆ ಅರ್ಜಿ ಕೊಟ್ಟೆ. ಸಂಘದ ಅಧ್ಯಕ್ಷರು ಅದಕ್ಕೆ ಸಹಿ ಹಾಕಿದರು. ಐದು ಮರ. ಸೌದೆಗೆ ಒಳ್ಳೆಯ ಜಾಲಿ, ಕೊಳ್ಳಲು ಆಳು ತಯಾರಿತ್ತು. ಅಷ್ಟರಲ್ಲಿ ಮಳೆ ಬಂದು ಕೆರೆ ತುಂಬಿತು. ನಾನು ಮತ್ತೆ ಮೀನುಮರಿ ತರಿಸಿ ಬಿಟ್ಟೆ, ಹಕ್ಕಿಗಳೂ ವಾಪಸ್ ಬಂದು ಗೂಡು ಹಿಡಿದವು. ಗೂಡಿರುವ ಮರಕ್ಕೆ ಕೊಡಲಿ ಹಾಕಲು ನಮ್ಮೂರಿನಲ್ಲಿ ಯಾರೂ ಒಪ್ಪುವುದಿಲ್ಲ. ಮರಿ ಹಾರಿದ ಮೇಲೆ ಸೇರಿ ತೀರ್ಮಾನ ಮಾಡೋಣ ಎಂದಾಯಿತು.

ಸುದ್ದಿ ಕೇಳಿ ಬೂಬಮ್ಮ ಅಧ್ಯಕ್ಷರ ಮನೆಗೇ ಬಂದರು. ನಾನೂ ಅಲ್ಲಿದ್ದೆ. ಅವರು ಅಳಲಿಲ್ಲ, ಕೈ ಮುಗಿಯಲಿಲ್ಲ. ಜಗಲಿಯ ತುದಿಯಲ್ಲಿ ಕೂತು ಹೇಳಿದರು, "ಮರ ಕಡಿಯೋಕ್ ಮುಂಚೆ ಅವು ತಿನ್ನೋದೇನು ಅಂತ ನೋಡ್ಬೇಕಲ್ವಾ? ನಾನ್ ದಿನಾ ಮರದ್ ಕೆಳಗೇ ಇರ್ತೀನಿ. ಬಿದ್ದ ಮೀನೆಲ್ಲಾ ಎಣಿಸ್ತೀನಿ."

ಅಧ್ಯಕ್ಷರು ನಕ್ಕರು. "ಬೂಬಮ್ಮ, ನಿಂಗೆ ನೂರರ ಮೇಲೆ ಎಣಿಸೋಕ್ ಬತ್ತದಾ?"

"ನೂರರ ತಂಕ ಬತ್ತದೆ. ಆಮೇಲೆ ತಿರ್ಗಾ ಒಂದ್ರಿಂದ ಶುರು ಮಾಡ್ತೀನಿ. ಮೀನೇನ್ ಬೇಜಾರ್ ಮಾಡ್ಕಳಲ್ಲ."

ಕೂತಿದ್ದವರೆಲ್ಲ ನಕ್ಕರು. ನನಗೂ ನಗು ಬಂತು, ತಡೆದುಕೊಂಡೆ. ಎಣಿಸಲಿ ಬಿಡಿ ಎಂದು ಅಧ್ಯಕ್ಷರು ಒಪ್ಪಿದರು. ನನಗೆ ನನ್ನ ಕಣ್ಣಿನ ಮೇಲೆ ನಂಬಿಕೆ ಇತ್ತು. ಎಣಿಸಿದಷ್ಟೂ ನನಗೇ ಒಳ್ಳೆಯದು ಅಂದುಕೊಂಡೆ.

ಅವರು ಎಣಿಸಿದ ರೀತಿ ಹೀಗಿತ್ತು. ಸೊಪ್ಪಿನ ಮಡಿಯ ಪಕ್ಕದ ಗುಡಿಸಲಿನಲ್ಲಿ ಎರಡು ಡಬ್ಬಿ ಇಟ್ಟರು. ಮರದ ಕೆಳಗೆ ಒಂದು ಜಿಲೇಬಿ ಸಿಕ್ಕರೆ ದೊಡ್ಡ ಡಬ್ಬಿಗೆ ಒಂದು ಹುಣಸೆಬೀಜ. ಕಾಟ್ಲಾನೋ ರೋಹುನೋ, ಒಟ್ಟಿನಲ್ಲಿ ನಾನು ಬಿಟ್ಟ ಮೀನು ಸಿಕ್ಕರೆ ಚಿಕ್ಕ ಡಬ್ಬಿಗೆ ಒಂದು ಅವರೆಕಾಳು. ಕಪ್ಪೆ, ಸೀಗಡಿ ಲೆಕ್ಕಕ್ಕಿಲ್ಲ. ಅರ್ಧ ಅರಗಿದ ಮೀನು ಯಾವುದೆಂದು ಹೇಗೆ ಗೊತ್ತಾಗುತ್ತದೆ ಎಂದು ನಾನು ತಕರಾರು ತೆಗೆದೆ. ಅವರು ನನ್ನ ಕೈ ಹಿಡಿದು, ಬಿದ್ದಿದ್ದ ಒಂದು ಮೀನಿನ ಬೆನ್ನ ಮೇಲೆ ಬಾಲದಿಂದ ತಲೆಯ ಕಡೆಗೆ ನನ್ನ ಬೆರಳನ್ನೇ ಎಳೆದರು. ಚುಚ್ಚಿ ರಕ್ತ ಬಂತು. ಚುಚ್ಚಿದರೆ ಜಿಲೇಬಿ, ಚುಚ್ಚದಿದ್ದರೆ ನಿನ್ನದು ಎಂದರು. ಜೀವಮಾನವೆಲ್ಲ ಮೀನು ಹಿಡಿದವನು ನಾನು. ಸೊಪ್ಪು ಮಾರುವವರಿಂದ ಹೇಳಿಸಿಕೊಂಡೆ. ಅವರ ಬಲಗೈಯ ತೋರುಬೆರಳು ಆ ಮೂರು ತಿಂಗಳೂ ಜರಡಿಯಂತೆ ತೂತುತೂತಾಗಿತ್ತು.

ಮೊದಲ ತಿಂಗಳು ನಾನು ದಿನವೂ ಗುಡಿಸಲಿಗೆ ಹೋಗಿ ಡಬ್ಬಿ ಇಣುಕುತ್ತಿದ್ದೆ. ಅವರೆಕಾಳು ಏರುತ್ತಿತ್ತು. ನನ್ನ ಮರಿಗಳನ್ನು ತಿನ್ನುತ್ತಿವೆ ಎಂದು ಸಂಕಟಪಡಬೇಕಾದವನು ಒಳಗೊಳಗೇ ಖುಷಿಪಡುತ್ತಿದ್ದೆ. ಎರಡನೇ ತಿಂಗಳಿಗೆ ಅವರೆಕಾಳು ನಿಂತುಹೋಯಿತು. ಇದ್ದಷ್ಟೇ ಇದೆ. ಹುಣಸೆಬೀಜ ಮಾತ್ರ ಡಬ್ಬಿ ತುಂಬಿ, ಇನ್ನೊಂದು ಡಬ್ಬಿ ಬಂದು, ಅದೂ ತುಂಬುತ್ತಾ ಬಂತು. ಬೂಬಮ್ಮ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಎದುರಾದರೆ ಮನೆಯವಳ ಆರೋಗ್ಯ ವಿಚಾರಿಸಿ, ಒಂದು ಕಟ್ಟು ಸಬ್ಬಸಿಗೆ ಕೊಟ್ಟು ಕಳಿಸುತ್ತಿದ್ದರು.

ನನಗೆ ಭಯ ಹತ್ತಿತು. ಇವರ ಲೆಕ್ಕ ಗೆದ್ದರೆ, ನಾನು ಎರಡು ವರ್ಷ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಮೀನು ಬಾರದ್ದಕ್ಕೆ ಹಕ್ಕಿ ಕಾರಣವಲ್ಲ ಎಂದಾದರೆ ಇನ್ನು ಉಳಿಯುವುದು ನಾನೇ. ಕೆರೆ ಕಡೂರಿನವನ ಪಾಲಾಗುತ್ತದೆ.

ಇನ್ನು ಮುಂದಿನದನ್ನು ಇಷ್ಟು ವರ್ಷ ನಾನು ಹೆಂಡತಿಗೂ ಹೇಳಿರಲಿಲ್ಲ. ಒಂದು ಸಂತೆಯ ದಿನ, ಬೂಬಮ್ಮ ಅಜ್ಜಂಪುರಕ್ಕೆ ಹೋಗಿದ್ದ ಹೊತ್ತಿನಲ್ಲಿ, ನಮ್ಮ ಅಡುಗೆಮನೆಯ ಡಬ್ಬದಿಂದ ಎರಡು ಹಿಡಿ ಅವರೆಕಾಳು ತೆಗೆದು ಪಂಚೆಯ ಮಡಿಲಲ್ಲಿ ಕಟ್ಟಿಕೊಂಡೆ. ಹಟ್ಟಹಗಲು. ಗುಡಿಸಲಿಗೆ ಬಾಗಿಲಿಲ್ಲ, ಒಂದು ಗೋಣಿತಾಟು ಅಷ್ಟೇ. ಚಿಕ್ಕ ಡಬ್ಬಿಗೆ ಸುರಿದು, ಕೈಯಾಡಿಸಿ ಬೆರೆಸಿ, ಮೊದಲಿದ್ದ ಹಾಗೇ ಇಟ್ಟು ಬಂದೆ. ಅವರಿಗೆ ಕಾಣದೆ ಅಷ್ಟಾದರೂ ಮೀನು ತಪ್ಪಿರುತ್ತದೆ, ಅದನ್ನೇ ತುಂಬಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಹೆಂಡತಿ ಅವರೆಕಾಳಿನ ಡಬ್ಬ ನೋಡಿ ಇಲಿಗಳಿಗೆ ಬೈಯುತ್ತಿದ್ದಳು. ನಾನು ತಲೆಯೆತ್ತದೆ ಊಟ ಮಾಡಿದೆ.

ಮರಿಗಳು ಹಾರಿದವು. ಪಂಚಾಯ್ತಿ ಕಟ್ಟೆಯ ಮೇಲೆ ಒಂದು ಮಧ್ಯಾಹ್ನ ಎಲ್ಲರೂ ಸೇರಿದರು. ಸೌದೆ ಕೊಳ್ಳುವವನು ಹಗ್ಗ, ಗರಗಸದ ಸಮೇತ ಬಂದು ಒಂದು ಮೂಲೆಯಲ್ಲಿ ಬೀಡಿ ಹಚ್ಚಿಕೊಂಡು ಕೂತಿದ್ದ. ಬಿಳಿ ಪಂಚೆಯೊಂದನ್ನು ಹಾಸಿದರು. ಬೂಬಮ್ಮ ಮೊದಲು ಹುಣಸೆಬೀಜ ಸುರಿದರು. ಕಪ್ಪಗೆ ಮಿಂಚುತ್ತಾ ಗುಡ್ಡೆ ಬಿತ್ತು. ಆಮೇಲೆ ಅವರೆಕಾಳು. ಅದೂ ಒಂದು ಪುಟ್ಟ ಗುಡ್ಡೆ.

ಹುಣಸೆಬೀಜ ದಪ್ಪ, ಅದಕ್ಕೇ ಜಾಸ್ತಿ ಕಾಣುತ್ತದೆ ಎಂದು ಯಾರೋ ಕೊಂಕು ತೆಗೆದರು. ಹಾಗಾದರೆ ಎಣಿಸಿ ಎಂದರು ಬೂಬಮ್ಮ. ಕಟ್ಟೆಯ ಸುತ್ತ ಕೂತಿದ್ದ ಹೆಂಗಸರೇ ಮುಂದೆ ಬಂದು ಹತ್ತು ಹತ್ತರ ಗುಂಪು ಮಾಡಿ ಎಣಿಸಲು ಕೂತರು. ನಾನು ಅವರೆಕಾಳಿನ ಪಕ್ಕ ನಿಂತಿದ್ದೆ. ಆಗ ನನ್ನ ಕಣ್ಣಿಗೆ ಬಿತ್ತು. ಬಿಳಿ ಪಂಚೆಯ ಮೇಲೆ ಹಿಟ್ಟಿನಂಥ ಪುಡಿ ಉದುರಿತ್ತು. ಅರ್ಧಕ್ಕರ್ಧ ಕಾಳಿಗೆ ಹುಳ ಹೊಡೆದು ದುಂಡಗೆ ತೂತಾಗಿತ್ತು. ಉಳಿದರ್ಧ ಕಂದುಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಒಂದೂ ತೂತಿಲ್ಲದೆ ಇದ್ದವು. ಒಂದೇ ಡಬ್ಬಿಯಲ್ಲಿ ಎರಡು ಮನೆಯ ಕಾಳು. ಬೂಬಮ್ಮ ತಮ್ಮ ಕಾಳನ್ನು ಹುರಿದು ಇಟ್ಟುಕೊಂಡಿದ್ದರು, ಮೂರು ತಿಂಗಳು ಹುಳ ಬೀಳದೆ ಇರಲಿ ಅಂತ. ನನ್ನವು ಹಸಿ.

ಅವರೂ ನೋಡಿದರು. ಬಗ್ಗಿ ಒಂದು ತೂತುಕಾಳನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡರು. ತಿರುಗಿಸಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಒಂದೇ ಸಲ. ಬಾಯಿ ಬಿಟ್ಟರೆ ನಾನು ಮುಗಿದೆ. ಕೆರೆಯೂ ಹೋಯಿತು, ಊರಲ್ಲಿ ಮುಖ ತೋರಿಸುವುದೂ ಹೋಯಿತು.

ಎಣಿಸುತ್ತಿದ್ದ ಹೆಂಗಸೊಬ್ಬಳು, ಹುಳ ಬಿದ್ದದ್ದನ್ನ ಬಿಟ್ಟುಬಿಡ್ಲಾ ಎಂದು ಕೇಳಿದಳು.

ಬೂಬಮ್ಮ ಅಂಗೈಲಿದ್ದ ಕಾಳನ್ನು ಗುಡ್ಡೆಗೆ ವಾಪಸ್ ಹಾಕಿದರು. "ಅದನ್ನೂ ಎಣಿಸ್ಕಳಿ" ಎಂದರು.

ನನ್ನ ಕಳ್ಳ ಕಾಳನ್ನೂ ಸೇರಿಸಿ ಅವರೆಕಾಳು ಮುನ್ನೂರಕ್ಕೂ ಕಡಿಮೆ ಬಂತು. ಹುಣಸೆಬೀಜ ಎರಡು ಸಾವಿರದ ಹತ್ತಿರ ಹೋಯಿತು. ಆದರೂ ಅಧ್ಯಕ್ಷರು ಬಿಡಲಿಲ್ಲ. ಮುನ್ನೂರಾದರೂ ನಮ್ಮ ಮೀನು ತಿಂದಿವೆಯಲ್ಲ, ಅದನ್ನು ನೀನೇ ಒಪ್ಪಿದ ಹಾಗಾಯ್ತಲ್ಲ ಬೂಬಮ್ಮ ಎಂದರು. ಹೌದು, ಒಪ್ಪಬಾರದಿತ್ತು ಅಂತ ನನಗೂ ಅನ್ನಿಸಿತು. ಮೊದಲ ತಿಂಗಳ ಅವರೆಕಾಳನ್ನು ಅವರು ಹಾಕದೇ ಇದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

"ತಿಂದವೆ" ಎಂದರು ಅವರು. "ಸುಳ್ಯಾಕ್ ಹೇಳ್ಲಿ. ಎಲ್ಲಾ ಮೊದಲ್ನೇ ತಿಂಗ್ಳಲ್ಲಿ ತಿಂದಿದ್ದು, ಮರಿ ಕಿರುಬೆರಳಷ್ಟಿದ್ದಾಗ. ಗೇಣುದ್ದ ಬೆಳೆದ ಮೇಲೆ ಒಂದೂ ಬಿದ್ದಿಲ್ಲ. ಬೇಕಾದ್ರೆ ಇವನನ್ನೇ ಕೇಳಿ. ದಿನಾ ಬಂದು ಡಬ್ಬಿ ನೋಡ್ತಿದ್ದ."

ಎಲ್ಲರೂ ನನ್ನ ಕಡೆ ತಿರುಗಿದರು. ಅವರು ನನ್ನನ್ನು ಸಾಕ್ಷಿ ಮಾಡಿಬಿಟ್ಟಿದ್ದರು. ಇನ್ನೊಂದು ಸುಳ್ಳು ಹೇಳಲು ನನಗೆ ನಾಲಿಗೆ ಬರಲಿಲ್ಲ. ಹೌದು, ಮೊದಲ ತಿಂಗಳಾದ ಮೇಲೆ ಅವರೆಕಾಳು ನಿಂತುಹೋಗಿತ್ತು, ನಾನೇ ನೋಡಿದ್ದೀನಿ, ನನ್ನ ಅರ್ಜಿ ವಾಪಸ್ ಕೊಡಿ ಎಂದೆ. ಅಷ್ಟೇ ಹೇಳಿದ್ದು. ಕಾಳು ಬೆರೆಸಿದ್ದನ್ನು ಹೇಳಲಿಲ್ಲ. ಸೌದೆಯವನು ಹಗ್ಗ ಸುತ್ತಿಕೊಂಡು, ಒಂದು ದಿನದ ಕೆಲಸ ಕೆಡಿಸಿದ್ರಲ್ಲಪ್ಪಾ ಎಂದು ಗೊಣಗುತ್ತಾ ಹೋದ.

ಮಾರನೇ ದಿನ ಬೆಳಗ್ಗೆ ನಾನು ತೆಪ್ಪಕ್ಕೆ ಡಾಂಬರು ಬಳಿಯುತ್ತಿದ್ದೆ. ಬೂಬಮ್ಮ ಬಂದು ದಂಟಿನ ಎಲೆಯ ಪೊಟ್ಟಣವೊಂದನ್ನು ಕಲ್ಲಿನ ಮೇಲೆ ಇಟ್ಟರು. ಬಿಚ್ಚಿದರೆ ನನ್ನ ಕಾಳು, ತೂತುಬಿದ್ದವು. ರಾತ್ರಿಯೋ ಬೆಳಗ್ಗೆಯೋ ಕೂತು ಒಂದೊಂದನ್ನೇ ಆರಿಸಿದ್ದಾರೆ.

"ತಗೋ ನಿನ್ನವು. ಸಾರಿಗೆ ಬರಲ್ಲ, ಕೋಳಿಗೆ ಹಾಕು."

ಅಲ್ಲೇ ಹೇಳಬಹುದಿತ್ತಲ್ಲ ಬೂಬಮ್ಮ ಎಂದೆ.

"ಹೇಳಿದ್ರೆ ನೀನು ಹೋಗ್ತಿದ್ದೆ. ನಿನ್ನ ಜಾಗಕ್ಕೆ ಬರೋನು ನಂಗೆ ಎಣಿಸೋಕೂ ಬಿಡಲ್ಲ, ಮೊದಲ್ನೇ ದಿನಾನೇ ಮರ ಬೀಳಿಸ್ತಾನೆ. ನೀನಾದ್ರೆ ಎರಡು ಹಿಡಿ ಕಾಳು ಕದ್ದು ಹಾಕೋ ಅಷ್ಟು ಕಳ್ಳ. ನಿನ್ನ ಜೊತೆ ನಾನು ಬಾಳ್ವೆ ಮಾಡ್ಬಹುದು."

ಹೇಳಿ ನಕ್ಕರು. ಮುಂದಿನ ಒಂದು ಹಲ್ಲು ಇರಲಿಲ್ಲ ಅವರಿಗೆ. ನಾನು ಡಾಂಬರಿನ ಕೈಯಲ್ಲೇ ಮುಖ ಒರೆಸಿಕೊಂಡು ಕೆನ್ನೆಯೆಲ್ಲ ಕಪ್ಪು ಮಾಡಿಕೊಂಡೆ.

ಆಮೇಲೆ ಅವರು ಕಲ್ಲಿನ ಮೇಲೆ ಕೂತು ಕೆಲಸದ ಮಾತು ತೆಗೆದರು. ಮೆಣಸಿನ ಬೀಜವನ್ನು ನೇರವಾಗಿ ಹೊಲಕ್ಕೆ ಯಾರಾದರೂ ಚೆಲ್ಲುತ್ತಾರಾ? ಒಟ್ಟಲಿನಲ್ಲಿ ಸಸಿ ಮಾಡಿ, ಗೇಣುದ್ದ ಬಂದ ಮೇಲೆ ಕಿತ್ತು ನಾಟಿ ಮಾಡುತ್ತಾರೆ. "ಮೀನಿಗೂ ಒಂದು ಒಟ್ಲು ಹಾಕೋ" ಎಂದರು. ಅಷ್ಟೇ. ಇಪ್ಪತ್ತು ವರ್ಷ ನೀರಿನಲ್ಲಿದ್ದ ನನಗೆ ಹೊಳೆಯದಿದ್ದದ್ದು ಅವರಿಗೆ ಸೊಪ್ಪಿನ ಮಡಿಯಲ್ಲಿ ಹೊಳೆದಿತ್ತು.

ಹೆಂಡತಿ ತನ್ನ ಹೊಲಿಗೆ ಯಂತ್ರದಲ್ಲಿ ಸೊಳ್ಳೆಪರದೆಯ ಬಟ್ಟೆಯನ್ನು ದೊಡ್ಡ ದೊಡ್ಡ ಚೀಲದ ಹಾಗೆ ಹೊಲಿದುಕೊಟ್ಟಳು. ಕೆರೆಯ ದಡದಲ್ಲಿ ಬಿದಿರಿನ ಗೂಟ ನೆಟ್ಟು, ಅವನ್ನು ನೀರಿನಲ್ಲಿ ಇಳಿಬಿಟ್ಟು, ಮೇಲೆ ಬಲೆ ಮುಚ್ಚಿದೆ. ಮೀನುಮರಿಗಳನ್ನು ಅದರೊಳಗೆ ಬಿಟ್ಟು, ಕಡಲೆಕಾಯಿ ಹಿಂಡಿ, ತೌಡು ಹಾಕಿ ಸಾಕಿದೆ. ಗೇಣುದ್ದ ಆದ ಮೇಲೆ ಕೆರೆಗೆ ಬಿಟ್ಟೆ. ಹಕ್ಕಿಗೆ ಅಡ್ಡ ಏನೂ ಕಟ್ಟಲಿಲ್ಲ. ಅವು ಬಂದವು. ನೀರುಕಾಗೆಗಳು ಸಾಲಾಗಿ ಈಜುತ್ತಾ ಜಿಲೇಬಿಯ ಹಿಂಡನ್ನು ದಡದ ಕಡೆಗೆ ಒತ್ತಿಕೊಂಡು ಬರುತ್ತಿದ್ದವು. ಆಳವಿಲ್ಲದ ಕಡೆ ಬೆಳ್ಳಕ್ಕಿ ಕಾಯುತ್ತಾ ನಿಂತಿರುತ್ತಿತ್ತು. ಮೇಲಿನಿಂದ ರೀವ. ಮೂರು ಕಡೆಯಿಂದ ಮೂರು ಬಗೆಯವು, ಕೂಲಿ ಕೇಳದ ಆಳುಗಳ ಹಾಗೆ. ಮೊದಲೂ ಅವು ಇದನ್ನೇ ಮಾಡುತ್ತಿದ್ದವು. ನಾನು ನೋಡಿರಲಿಲ್ಲ.

ಆ ಬೇಸಿಗೆ ಬಲೆಯಲ್ಲಿ ಬಂದ ಕಾಟ್ಲಾಗಳನ್ನು ತೂಕದವನು ಎರಡು ಕೈಯಲ್ಲಿ ಎತ್ತಬೇಕಾಯಿತು. ಕಡೂರಿನ ವ್ಯಾಪಾರಿ ಈ ಸಲ ತಮಾಷೆ ಮಾಡಲಿಲ್ಲ, ಐಸು ಸಾಲದೆ ಇನ್ನೊಂದು ಗಾಡಿ ತರಿಸಿದ. ಹಕ್ಕು ನನ್ನ ಹೆಸರಲ್ಲೇ ಉಳಿಯಿತು. ಜಿಲೇಬಿ ಮುಗಿದಿಲ್ಲ. ಮುಗಿಯುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಈಗ ಸಿಗುವ ಜಿಲೇಬಿ ಕಡಿಮೆ, ಸಿಕ್ಕಿದ್ದು ದಪ್ಪ. ಬಾಂಡಲಿಗೆ ಹಾಕಿದರೆ ಎಣ್ಣೆಗೆ ನಾಚಿಕೆಯಾಗುವುದಿಲ್ಲ. ಎರಡು ವರ್ಷದಿಂದ ಗೆಂಡೆ ಕೂಡ ಮತ್ತೆ ಬಲೆಗೆ ಬೀಳುತ್ತಿದೆ. ಪಕ್ಕದೂರಿನ ಕೆರೆಯವರು, ಯಗಟಿ ಕಡೆಯ ಒಬ್ಬರು, ನನ್ನ ಮೀನಿನ ಒಟ್ಟಲು ನೋಡಲು ಬಂದರು. ಯಾರು ಹೇಳಿಕೊಟ್ಟರು ಎಂದು ಕೇಳಿದರೆ ನಾನು ಏರಿಯ ಕೆಳಗೆ ಕೈ ತೋರಿಸುತ್ತಿದ್ದೆ. ಅಲ್ಲಿ ಬೂಬಮ್ಮ ಬಗ್ಗಿ ಕಳೆ ಕೀಳುತ್ತಿರುತ್ತಿದ್ದರು. ಇವರಾ ಎಂದು ಅವರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಕೊನೆಯ ಎರಡು ವರ್ಷ ಅವರ ಕಣ್ಣು ಮಂಜಾಗಿತ್ತು. ಆದರೂ ಮರದ ಕೆಳಗೆ ಬರುವುದು ಬಿಡಲಿಲ್ಲ. ನಾನು ಬಿದ್ದ ಮೀನು ಆರಿಸಿ ಕೈಗೆ ಕೊಟ್ಟರೆ, ಬೆರಳಾಡಿಸಿ, ಚುಚ್ಚಿಸಿಕೊಂಡು, ತೃಪ್ತಿಯಿಂದ "ಜಿಲೇಬಿ" ಎನ್ನುತ್ತಿದ್ದರು. ಎಣಿಸುವ ಅಗತ್ಯ ಆಗ ಯಾರಿಗೂ ಇರಲಿಲ್ಲ. ನನ್ನ ಹೆಂಡತಿ ಅವರಿಗೆ ಬಿಸಿನೀರು ಕಾಯಿಸಿ ಕೈ ತೊಳೆಸುತ್ತಿದ್ದಳು. ಕಾಳಿನ ವಿಷಯ ಅವರು ಅವಳಿಗೆ ಒಂದು ದಿನವೂ ಎತ್ತಲಿಲ್ಲ.

ಮೂರು ವರ್ಷದ ಹಿಂದೆ, ಹಕ್ಕಿಗಳು ಆಗತಾನೇ ಕಡ್ಡಿ ತರಲು ಶುರು ಮಾಡಿದ್ದ ದಿನಗಳಲ್ಲಿ, ಅಜ್ಜಂಪುರದ ಮಗಳ ಮನೆಯಲ್ಲಿ ತೀರಿಕೊಂಡರು. ಫೋನು ಬಂದಾಗ ನಾನು ಸೊಂಟದ ಮಟ್ಟ ನೀರಿನಲ್ಲಿ ಗೂಟ ನೆಡುತ್ತಿದ್ದೆ. ಬಟ್ಟೆ ಬದಲಿಸಲು ಪುರಸೊತ್ತಾಗಲಿಲ್ಲ, ಬಂದ ಬಸ್ಸು ಹತ್ತಿದೆ. ಖಬರಸ್ತಾನದಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕುತ್ತಿದ್ದರು. ನಾನು ಹಿಂದೆ ನಿಂತಿದ್ದೆ. ನನ್ನ ಕೈ ಮೀನು ನಾರುತ್ತಿತ್ತು. ಅವರ ಅಳಿಯ ನನ್ನನ್ನು ಕಂಡು, ತೋಳು ಹಿಡಿದು ಮುಂದೆ ಕರೆದುಕೊಂಡು ಹೋದರು. ಕೈ ತೊಳೆದು ಬರ್ತೀನಿ ಎಂದೆ.

"ಬ್ಯಾಡಿ" ಎಂದರು ಅವರು. "ಅಮ್ಮಾಗೆ ಆ ವಾಸ್ನೆ ಗೊತ್ತು."

ಮೂರು ಹಿಡಿ ಮಣ್ಣು ಹಾಕಿದೆ.

ಆ ಅರ್ಧ ಎಕರೆಯನ್ನು ಮಗಳು ನಮ್ಮ ಕೈಗೇ ಕೊಟ್ಟಿದ್ದಾರೆ. ಪ್ರತಿ ಸಂತೆಗೂ ಅವರ ಮನೆಗೆ ಒಂದು ಗೋಣಿ ಸೊಪ್ಪು ಹೋಗುತ್ತದೆ. ಕಾಳು ಬೆರೆಸಿದ್ದನ್ನು ಈ ತಿಂಗಳು ಹೆಂಡತಿಗೆ ಹೇಳಿದೆ, ಅಧ್ಯಕ್ಷರಿಗೂ ಹೇಳಿದೆ, ಈಗ ಇಲ್ಲಿ ಬರೆದೂ ಆಯಿತು.

ಇವತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು. ತೆಪ್ಪ ಎರಡು. ಬಲೆ ಆರು. ಮೀನಿನ ಒಟ್ಟಲು ನಾಲ್ಕು. ಸೊಪ್ಪಿನ ಮಡಿ ಹದಿನೆಂಟು. ದಿಬ್ಬದ ಮೇಲೆ ಹಳೆಯ ಜಾಲಿಮರ ಐದು, ನಾನು ನೆಟ್ಟು ಉಳಿದದ್ದು ಏಳು. ಇವತ್ತು ಬೆಳಗ್ಗೆ ಎಣಿಸಿದಾಗ ಗೂಡು ನೂರ ನಲವತ್ತಮೂರು.